ಟೇಪು ಹಿಡಿದು ಹೊರಟ ಮಕ್ಕಳಿಗೆ

ಕಳೆದ ತಿಂಗಳು ಉಡುಪಿಯ ಎನ್ನೆಸ್ಸೆಸ್ ಹುಡುಗಿಯೊಬ್ಬಳ ಪತ್ರ ಹಾಕಿದ್ದೆವು, ನೆನಪಿದೆಯಾ? ಮೇ 31ಕ್ಕೆ ವಿಶ್ವ ತಂಬಾಕು ರಹಿತ ದಿನ ಅಂತ ಜಾಥಾ ಮಾಡಿದರಂತೆ. ಬ್ಯಾನರ್, ಟೋಪಿ, ಘೋಷಣೆ ಎಲ್ಲ ಆಯಿತು. ಕೊನೆಗೆ ಬಾಯಾರಿ ಎಲ್ಲರೂ ಒಂದು ಗೂಡಂಗಡಿಯಲ್ಲಿ ಸೋಡಾ ಶರಬತ್ತು ಕುಡಿಯುತ್ತಾ ನಿಂತಿದ್ದಾಗ ತಲೆ ಎತ್ತಿ ನೋಡಿದರೆ ಪಾನ್ ಮಸಾಲಾ, ತಂಬಾಕಿನ ಪ್ಯಾಕೆಟ್ ಮಾಲೆ ತೂಗಾಡುತ್ತಿತ್ತು, ರಸ್ತೆಯ ಆಚೆಗೇ ಶಾಲೆಯ ಗೇಟು. "ಕುಡಿದದ್ದು ಗಂಟಲಲ್ಲೇ ನಿಂತಿತು" ಅಂತ ಬರೆದಿದ್ದಳು. ಆ ಪತ್ರ ಓದಿ ತುಂಬ ಜನ ಬರೆದಿದ್ದೀರಿ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೆಸರು ಬೇಡ ಅಂದವರೇ ಜಾಸ್ತಿ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಾವು ಎಂಟು ಜನ ಸ್ನೇಹಿತರು ಮೂರು ಶಾಲೆಗಳ ಸುತ್ತ ತಂಬಾಕು ಮಾರುವ ಅಂಗಡಿಗಳ ಲೆಕ್ಕ ತೆಗೆದೆವು. ಹತ್ತಕ್ಕಿಂತ ಜಾಸ್ತಿ ಸಿಕ್ಕಿದವು. ಮನವಿ ಬರೆದು ಕಚೇರಿಗೆ ಕೊಟ್ಟೆವು, ಫೋಟೋ ತೆಗೆಸಿಕೊಂಡೆವು. "ಆಯ್ತು, ನೋಡ್ತೇವೆ" ಅಂದರು. ಎರಡೂವರೆ ತಿಂಗಳಾಯಿತು, ಒಂದು ಅಂಗಡಿಯೂ ಅಲುಗಾಡಿಲ್ಲ. ಗುಂಪಿನಲ್ಲಿ ಈಗ ನಾಲ್ಕೇ ಜನ ಉಳಿದಿದ್ದೇವೆ. ಮುಂದೇನು? (ಮಣಿಪಾಲ)

ಉತ್ತರ: ನಾಲ್ಕು ಜನ ಬೇಕಾದಷ್ಟಾಯಿತು. ಎಂಟು ಜನ ಫೋಟೋಗೆ ಚಂದ, ಕಚೇರಿ ಸುತ್ತುವುದಕ್ಕೆ ನಾಲ್ಕು ಜನವೂ ಹೆಚ್ಚೇ.

ಮೊದಲು ಒಂದು ಮಾತು ಕೇಳುತ್ತೇನೆ. ನಿಮ್ಮ ಮನವಿಯ ಪ್ರತಿ ನಿಮ್ಮಲ್ಲಿ ಉಂಟಾ? ಅದರ ಮೇಲೆ ಕಚೇರಿಯ ಸ್ವೀಕೃತಿ ಮೊಹರು, ತಾರೀಕು ಉಂಟಾ? ಇಲ್ಲ ಅಂತಾದರೆ ಸರ್ಕಾರದ ಲೆಕ್ಕದಲ್ಲಿ ನೀವು ಏನೂ ಕೊಟ್ಟೇ ಇಲ್ಲ ಮಾರಾಯ್ರೆ. ಫೋಟೋ ನಿಮ್ಮ ವಾಟ್ಸಾಪ್ ಸ್ಟೇಟಸ್‌ಗೆ ಆಯಿತು, ಅಷ್ಟೇ.

ಎರಡನೆಯದು ಅಳತೆ. 2003ರ ಕೇಂದ್ರ ಕಾಯ್ದೆ, ಎಲ್ಲರೂ ಕೋಟ್ಪಾ ಅಂತ ಕರೆಯುವುದು, ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಅನ್ನುತ್ತದೆ. 100 ಗಜ ಅಂದರೆ ಸುಮಾರು 91 ಮೀಟರ್ ಆಗುತ್ತದೆ. ಕರ್ನಾಟಕದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದು 2025ರ ಮೇ ಕೊನೆಗೆ ಜಾರಿಗೆ ಬಂತು, ಅದರಲ್ಲಿ ನೇರವಾಗಿ 100 ಮೀಟರ್ ಅಂತ ಮಾಡಿದ್ದಾರೆ. ಈಗ ಜಗಳ ಹುಟ್ಟುವುದು ಇಲ್ಲಿ: ಎಲ್ಲಿಂದ ಅಳೆಯುವುದು? ಅಂಗಡಿಯವರು ಗೇಟಿನಿಂದ ಹೊರಟು, ರಸ್ತೆಯ ತಿರುವು ಸುತ್ತಿ, ಚರಂಡಿ ದಾಟಿ ಬಂದು "ನೋಡಿ, 130 ಮೀಟರ್" ಅನ್ನುತ್ತಾರೆ. ಹಾಗೆ ಅಲ್ಲ. ಶಾಲೆಯ ಕಾಂಪೌಂಡಿನ ಹೊರಗೋಡೆಯಿಂದ ನೇರ ಗೆರೆಯಲ್ಲಿ, ಸುತ್ತಲೂ ವೃತ್ತ ಎಳೆದ ಹಾಗೆ ಅಳೆಯಬೇಕು ಅಂತ ಕೇಂದ್ರದ ನಿಯಮದಲ್ಲೇ ಇದೆ. ನಮ್ಮ ಕಡೆ ಶಾಲೆ ಗುಡ್ಡದ ಮೇಲೆ, ಅಂಗಡಿ ಕೆಳಗೆ ತಗ್ಗಿನಲ್ಲಿ ಇರುತ್ತದೆ, ರಸ್ತೆ ಹಾವಿನ ಹಾಗೆ ಸುತ್ತಿ ಇಳಿಯುತ್ತದೆ. ಕಾಲ್ನಡಿಗೆಗೆ ಐದು ನಿಮಿಷ, ನೇರ ಗೆರೆಯಲ್ಲಿ 60 ಮೀಟರ್. ಟೇಪು ಎಳೆಯಲು ಆಗದ ಕಡೆ ಮೊಬೈಲ್ ಮ್ಯಾಪಿನಲ್ಲಿ ದೂರ ಅಳೆಯುವ ಅನುಕೂಲ ಇದೆ, ಅದರ ಚಿತ್ರ ತೆಗೆದು ಮನವಿಗೆ ಸೇರಿಸಿ.

ಒಂದೊಂದು ಅಂಗಡಿಗೂ ಒಂದೊಂದು ಸಾಲು ಸಾಕು. ಯಾವ ಜಾಗ, ಎಷ್ಟು ದೂರ, ಏನು ಮಾರುತ್ತಿದ್ದರು, ನೋಡಿದ ದಿನ. ಅಂಗಡಿಯವನ ಮುಖದ ಫೋಟೋ ಬೇಡ, ದಯವಿಟ್ಟು. ಮನವಿ ಜಿಲ್ಲಾಧಿಕಾರಿಗಳ ಹೆಸರಿಗೆ ಇರಲಿ, ತಂಬಾಕು ನಿಯಂತ್ರಣದ ಜಿಲ್ಲಾ ಸಮಿತಿಗೆ ಅವರೇ ಅಧ್ಯಕ್ಷರು. ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ತಂಬಾಕು ನಿಯಂತ್ರಣ ಘಟಕಕ್ಕೆ, ಇನ್ನೊಂದು ಲೈಸೆನ್ಸ್ ಕೊಡುವ ನಗರಸಭೆಗೋ ಪಂಚಾಯತಿಗೋ, ಮತ್ತೊಂದು ಠಾಣೆಗೆ. ಎಲ್ಲದಕ್ಕೂ ಮೊಹರು ಹಾಕಿಸಿ.

ತಿಂಗಳು ಕಳೆದರೂ ಸುದ್ದಿ ಇಲ್ಲವಾ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಹಾಗಾಗಿ ಪ್ರಬಂಧ ಬರೆಯಬೇಡಿ. ಹೀಗೆ ಕೇಳಿ: ಕಳೆದ ಒಂದು ವರ್ಷದಲ್ಲಿ ಈ ತಾಲೂಕಿನಲ್ಲಿ ಶಾಲೆ ಕಾಲೇಜುಗಳ ಹತ್ತಿರ ಎಷ್ಟು ಅಂಗಡಿಗಳಿಗೆ ದಂಡ ಹಾಕಿದ್ದೀರಿ, ಯಾವ ಯಾವ ದಿನ, ಎಷ್ಟು ರೂಪಾಯಿ? ನೀವು ಉಪದೇಶ ಮಾಡಿದರೆ ಯಾರಿಗೂ ಏನೂ ಆಗುವುದಿಲ್ಲ. ತಾರೀಕು ಕೇಳಿದರೆ ಮಾತ್ರ ಫೈಲು ಮೇಜಿನ ಮೇಲೆ ಬರುತ್ತದೆ. ನಾನು ಇಪ್ಪತ್ತು ವರ್ಷದಲ್ಲಿ ಕಲಿತ ಒಂದೇ ವಿದ್ಯೆ ಇದು.

ಹಾಂ, ಶಾಲೆಯ ಒಳಗೂ ಸ್ವಲ್ಪ ನೋಡಿ. ತಂಬಾಕು ಮುಕ್ತ ಶಿಕ್ಷಣ ಸಂಸ್ಥೆಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ, ಅದರ ಪ್ರಕಾರ ಹೊರಗೆ ರಸ್ತೆಯಲ್ಲಿ ಹಳದಿ ಗೆರೆ ಎಳೆಯಬೇಕು, ಒಬ್ಬರನ್ನು ತಂಬಾಕು ಮಾನಿಟರ್ ಅಂತ ನೇಮಿಸಿ ಹೆಸರು ಬೋರ್ಡಿನಲ್ಲಿ ಬರೆಯಬೇಕು. ತಮ್ಮ ಆವರಣದಲ್ಲಿ ಸೇದಿದವರಿಗೆ ದಂಡ ಹಾಕುವ ಅಧಿಕಾರ ಹೆಡ್‌ಮಾಸ್ಟರಿಗೂ ಪ್ರಿನ್ಸಿಪಾಲರಿಗೂ ಇದೆ. ನಾನು ಓದಿದ ಶಾಲೆಯಲ್ಲಿ ಪಾಯಖಾನೆ ಹಿಂದೆ ಸೇದುತ್ತಿದ್ದದ್ದು ಹುಡುಗರಲ್ಲ, ಡ್ರಿಲ್ ಮಾಸ್ಟರು. ಅದು ಬೇರೆ ಕಥೆ.

ಪ್ರಶ್ನೆ: ನನ್ನ ಅಮ್ಮ ಬೀಡಿ ಕಟ್ಟುತ್ತಾರೆ. ನನ್ನ ಕಾಲೇಜು ಫೀಸು, ಬಸ್ಸಿನ ದುಡ್ಡು, ಈ ಪತ್ರಕ್ಕೆ ಅಂಟಿಸಿದ ಸ್ಟಾಂಪು ಎಲ್ಲ ಅದರಲ್ಲೇ ಬಂದದ್ದು. ಈಗ ಕಾಲೇಜಿನಲ್ಲಿ ತಂಬಾಕು ವಿರೋಧಿ ತಂಡಕ್ಕೆ ನನ್ನನ್ನೇ ಲೀಡರ್ ಮಾಡಿದ್ದಾರೆ. ಬೀಡಿಯ ಚಿತ್ರಕ್ಕೆ ಕೆಂಪು ಗೀಟು ಹಾಕಿದ ಪೋಸ್ಟರ್ ಅಂಟಿಸುವಾಗ ಕೈ ಬರಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ ಹೇಳಲೂ ಇಲ್ಲ. ನಾನು ತಂಡ ಬಿಡಬೇಕಾ? (ಮಂಗಳೂರಿನ ಹೊರವಲಯ)

ಉತ್ತರ: ತಂಗಿ, ಬಿಡಬೇಡಿ. ಆ ತಂಡದಲ್ಲಿ ಈ ವಿಷಯ ಗೊತ್ತಿರುವವರು ಬಹುಶಃ ನೀವೊಬ್ಬರೇ.

ನನ್ನ ದೊಡ್ಡಮ್ಮನೂ ಬೀಡಿ ಕಟ್ಟುತ್ತಿದ್ದರು. ಮಧ್ಯಾಹ್ನ ಊಟದ ಪಾತ್ರೆ ತೊಳೆದು ಜಗಲಿಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತರೆ ತಡ್ಪೆ (ಮೊರ) ಮಡಿಲಿಗೆ ಬರುತ್ತಿತ್ತು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೆತ್ತಗಾದ ಎಲೆ, ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸಿದ್ದು. ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ, ಎರಡು ಬೆರಳಲ್ಲಿ ಒಂದು ಉರುಳು, ಬಾಯಿ ಮಡಚಿ ಒತ್ತಿ, ನೂಲು ಸುತ್ತಿ ಆಯಿತು. ಬೆರಳು ನೋಡುತ್ತಲೇ ಇರಲಿಲ್ಲ, ಕಣ್ಣು ಅಂಗಳದಲ್ಲಿ ಒಣಗಿಸಿದ ಭತ್ತಕ್ಕೆ ಬರುವ ಕೋಳಿಯ ಮೇಲೆ. ಸಂಜೆ 25ರ ಕಟ್ಟು ಮಾಡಿ ಬೀಡಿ ಕಂಪನಿಯ ಬ್ರಾಂಚಿಗೆ ಹೋದರೆ ಅಲ್ಲಿ ಕೂತವನು ಒಂದೆರಡು ಕಟ್ಟು ಬಿಚ್ಚಿ ನೋಡಿ, ಸರಿ ಇಲ್ಲ ಅಂತ ಒಂದು ಹಿಡಿ ಬದಿಗೆ ಹಾಕುತ್ತಿದ್ದ. ಅದಕ್ಕೆ ದುಡ್ಡಿಲ್ಲ. ಆದರೆ ಅದನ್ನು ವಾಪಸೂ ಕೊಡುತ್ತಿರಲಿಲ್ಲ! ಆ ಬದಿಗೆ ಹಾಕಿದ ಬೀಡಿ ಎಲ್ಲಿ ಹೋಗುತ್ತಿತ್ತು ಅಂತ ದೊಡ್ಡಮ್ಮ ಸಾಯುವವರೆಗೆ ಕೇಳುತ್ತಿದ್ದರು. ರಾತ್ರಿ ಮಲಗಿದರೆ ಕೆಮ್ಮು. ಅವರು ಬದುಕಿನಲ್ಲಿ ಒಂದು ಬೀಡಿ ಸೇದಿದವರಲ್ಲ.

ಹಾಗಾಗಿ ನಿಮ್ಮ ಅಮ್ಮನನ್ನು ಆ ಕೆಂಪು ಗೀಟಿನ ಒಳಗೆ ಹಾಕಬೇಡಿ. ತಂಬಾಕಿನ ಧೂಳು ಮೊದಲು ಹೋಗುವುದು ಅವರ ಎದೆಗೆ, ನಿಕೋಟಿನ್ ಚರ್ಮದ ಮೂಲಕವೂ ಇಳಿಯುತ್ತದೆ. ಸೇದುವವನ ಹಾಗೆ ಕಟ್ಟುವವರಿಗೂ ಇದರಿಂದ ಹಾನಿಯೇ. ಭಾರತ 2003ರಲ್ಲಿ ಸಹಿ ಹಾಕಿ 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದಲ್ಲಿ 17ನೇ ವಿಧಿ ಅಂತ ಒಂದಿದೆ. ತಂಬಾಕು ಬೆಳೆಯುವವರಿಗೆ, ಅದರ ಕೆಲಸ ಮಾಡುವವರಿಗೆ ಬೇರೆ ದುಡಿಮೆಯ ದಾರಿ ಮಾಡಿಕೊಡಬೇಕು ಅನ್ನುತ್ತದೆ. ಜಾಥಾದಲ್ಲಿ ಯಾರಾದರೂ ಇದರ ಹೆಸರು ಎತ್ತಿದ್ದು ಕೇಳಿದ್ದೀರಾ? ನಾನು ಕೇಳಿಲ್ಲ.

ನಿಮ್ಮ ತಂಡ ಕೇಳಬೇಕಾದ ಪ್ರಶ್ನೆ ಅಲ್ಲಿದೆ. ಬೀಡಿ ಕಾರ್ಮಿಕರಿಗೆ ಅಂತ 1966ರ ಕಾಯ್ದೆ ಇತ್ತು, 1976ರಲ್ಲಿ ಕಲ್ಯಾಣ ನಿಧಿ ಬಂತು, ಬೀಡಿಯ ಮೇಲೆ ಸೆಸ್ ಹಾಕಿ ಆ ದುಡ್ಡಿನಲ್ಲಿ ಆಸ್ಪತ್ರೆ, ಮನೆ, ಮಕ್ಕಳ ವಿದ್ಯಾರ್ಥಿವೇತನ ನಡೆಸುತ್ತಿದ್ದರು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿಗೆ ಶೇ 40 ಅಂದದ್ದು, ಬೀಡಿಗೆ ಮಾತ್ರ ಶೇ 28 ಇದ್ದದ್ದನ್ನು 18ಕ್ಕೆ ಇಳಿಸುವುದು ಅಂತ ತೀರ್ಮಾನ ಮಾಡಿತು. ಬೀಡಿಯ ತೆರಿಗೆಯ ಮಾತು ಬಂದಾಗಲೆಲ್ಲ ಬಡ ಹೆಂಗಸರ ಹೆಸರು ಮುಂದೆ ಬರುತ್ತದೆ. ಸರಿ, ಹಾಗಾದರೆ ಸಾವಿರ ಬೀಡಿಯ ಮಜೂರಿಗೆ ಅದರಲ್ಲಿ ಎಷ್ಟು ಪೈಸೆ ಸೇರಿತು ಅಂತ ನಿಮ್ಮ ಅಮ್ಮನನ್ನೇ ಕೇಳಿ. ಆ ಉತ್ತರವನ್ನು ಪೋಸ್ಟರಿನಲ್ಲಿ ಬರೆಯಿರಿ.

ಬೇರೆ ಕೆಲಸ ಕೊಡಿ ಅಂತ ಹೇಳುವುದು ಸುಲಭ. ನಮ್ಮಲ್ಲಿ ಬೀಡಿ ಬಿಟ್ಟವರು ಜಾಸ್ತಿ ಹೋಗುವುದು ಗೇರುಬೀಜದ ಕಾರ್ಖಾನೆಗೆ, ಅಲ್ಲಿ ಸಿಪ್ಪೆಯ ಎಣ್ಣೆಗೆ ಕೈ ಸುಟ್ಟು ಕಪ್ಪಾಗುತ್ತದೆ. ಮತ್ತೆ ಬೀಡಿಗೆ ಒಂದು ಅನುಕೂಲ ಇದೆ, ಅದನ್ನು ಹೊರಗಿನವರು ನೋಡುವುದೇ ಇಲ್ಲ: ಮನೆಯಲ್ಲೇ ಕೂತು ಮಾಡಬಹುದು, ಒಲೆಯ ಮೇಲೆ ಗಂಜಿ ಇಟ್ಟು, ತೊಟ್ಟಿಲು ತೂಗುತ್ತಾ. ಅದಕ್ಕೆ ಸರಿಸಮನಾದ ಕೆಲಸ ಯಾವುದು ಅಂತ ಹುಡುಕುವುದು ಕಾಲೇಜು ತಂಡಕ್ಕೆ ಒಳ್ಳೆಯ ಕೆಲಸ. ಹತ್ತು ಮನೆಗೆ ಹೋಗಿ ಕೇಳಿ, ಬರೆದುಕೊಂಡು ಬನ್ನಿ. ಮತ್ತೆ ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಸಿಗುತ್ತದೆ, ನೀವು ಹಾಕಿದ್ದೀರಾ? ಅಮ್ಮನ ಗುರುತಿನ ಚೀಟಿ ಬೇಕು. ಮೊದಲು ಅದನ್ನು ಮಾಡಿ.

ಇನ್ನೊಂದು. ಬೀಡಿ ಎಲೆಯದ್ದು, ಸಿಗರೇಟಿನಷ್ಟು ಕೆಟ್ಟದಲ್ಲ ಅಂತ ನಮ್ಮ ಊರಿನಲ್ಲಿ ಹೇಳುವವರು ತುಂಬ. ತಪ್ಪು. ಆ ಎಲೆಯಲ್ಲಿ ಗಾಳಿ ಆಡುವುದಿಲ್ಲ, ಆರಿ ಹೋಗದ ಹಾಗೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು, ಹಾಗಾಗಿ ಟಾರ್, ನಿಕೋಟಿನ್ ಒಳಗೆ ಹೋಗುವುದು ಜಾಸ್ತಿಯೇ. ಇದನ್ನು ಹೇಳಲು ನಿಮಗೆ ನಾಚಿಕೆ ಬೇಡ. ಅಮ್ಮನಿಗೂ ಹೇಳಿ, ತಂಡದ ವಿಷಯವನ್ನೂ ಹೇಳಿ. ಅವರಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ. ತನ್ನ ಮಗಳು ಬೀಡಿಗೆ ಕೂರಬಾರದು ಅಂತಲೇ ಅಲ್ವಾ ಅವರು ಫೀಸು ಕಟ್ಟಿದ್ದು.

ಪ್ರಶ್ನೆ: ನಾನು ಅಂಗಡಿಯವನು. ಕಾಲೇಜು ಮಕ್ಕಳು ಮೊಬೈಲ್ ಹಿಡಿದು ಬಂದು ವಿಡಿಯೋ ಮಾಡುತ್ತಾರೆ. ಗೋಳಿಬಜೆ, ಬಾಳೆಹಣ್ಣಿನಲ್ಲಿ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ಸಿಗರೇಟಿಗೆ ಬಂದವನು ಚಹಾ ಕುಡಿಯುತ್ತಾನೆ, ಹಾಗೆ ನಡೆಯುತ್ತದೆ ವ್ಯಾಪಾರ. ದೊಡ್ಡ ಫ್ಯಾಕ್ಟರಿ ಮುಚ್ಚಿಸಲು ಇವರಿಗೆ ಧೈರ್ಯ ಇಲ್ಲ, ನನ್ನ ಗೂಡು ಮಾತ್ರ ಕಣ್ಣಿಗೆ ಬೀಳುವುದಾ? (ಸುರತ್ಕಲ್)

ಉತ್ತರ: ಅಣ್ಣಾ, ನಿಮ್ಮ ಕೊನೆಯ ಮಾತು ಸರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ ಮಕ್ಕಳಿಗೆ ಮಾರುವ ವಿಷಯದಲ್ಲಿ ನಿಮ್ಮ ಪರ ಮಾತಾಡಲು ಆಗುವುದಿಲ್ಲ. 2019ರಲ್ಲಿ ದೇಶದಾದ್ಯಂತ ಶಾಲೆಗಳಲ್ಲಿ ಸಮೀಕ್ಷೆ ಮಾಡಿದಾಗ 13ರಿಂದ 15 ವರ್ಷದ ಮಕ್ಕಳಲ್ಲಿ ಶೇ 8.5 ಮಂದಿ ತಂಬಾಕು ಬಳಸುತ್ತಿದ್ದರು. ಅಂದರೆ 50 ಮಕ್ಕಳ ಕ್ಲಾಸಿನಲ್ಲಿ ನಾಲ್ಕು ಜನ. ಅವರಿಗೆ ಫ್ಯಾಕ್ಟರಿಯಿಂದ ನೇರ ಸಿಗುವುದಿಲ್ಲ, ಯಾರದೋ ಗೂಡಿನಿಂದಲೇ ಸಿಗುವುದು. ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ಮಾರುವಂತಿಲ್ಲ, ಬಿಡಿ ಸಿಗರೇಟು ಮಾರುವಂತಿಲ್ಲ, 200 ಇದ್ದ ದಂಡ 1000 ರೂಪಾಯಿವರೆಗೆ ಹೋಗಿದೆ. 1000 ಹೋಗಲಿ. 18ರ ಒಳಗಿನ ಮಗುವಿಗೆ ತಂಬಾಕು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇದು ಎಷ್ಟು ಅಂಗಡಿಯವರಿಗೆ ಗೊತ್ತು? ಸಿಗರೇಟು ಕಂಪನಿಯವನು ಚಂದದ ಸ್ಟ್ಯಾಂಡು ತಂದು ಇಟ್ಟು ಹೋಗುವಾಗ ಈ ವಿಷಯ ಹೇಳಿ ಹೋಗುವುದಿಲ್ಲ.

ಮಕ್ಕಳಿಗೂ ಒಂದು ಮಾತು. ಮೊದಲ ದಿನವೇ ವಿಡಿಯೋ ಮಾಡಿ ಹಾಕುವುದು ಕೆಟ್ಟ ಅಭ್ಯಾಸ. ಕಾಯ್ದೆಯನ್ನು ಕನ್ನಡದಲ್ಲಿ ಒಂದು ಪುಟ ಬರೆದು, ಚಹಾ ಕುಡಿದು, ದುಡ್ಡು ಕೊಟ್ಟು, ಆ ಪುಟ ಕೈಗಿಟ್ಟು ಬನ್ನಿ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ. ಆಮೇಲೂ ಹಾಗೇ ಇದ್ದರೆ ದೂರು ಕೊಡಿ. ನಿಮ್ಮಲ್ಲಿ ಎಷ್ಟು ಜನರಿಗೆ ಆ ಅಂಗಡಿಯಲ್ಲಿ ಸಾಲ ಇದೆ ಅಂತಲೂ ನೋಡಿಕೊಳ್ಳಿ, ದೂರಿಗಿಂತ ಮೊದಲು ಅದನ್ನು ತೀರಿಸಿ.

ಪ್ರಶ್ನೆ: ವೇಪ್ (ಇ-ಸಿಗರೇಟು) ಮಾಡಿದರೆ ಹೊಗೆ ಇಲ್ಲ, ಬರೀ ಆವಿ. ಅದೂ ತಪ್ಪಾ? (ಕದ್ರಿ)

ಉತ್ತರ: 2019ರ ಕಾಯ್ದೆಯಲ್ಲಿ ದೇಶಪೂರ್ತಿ ಅದರ ತಯಾರಿ, ಮಾರಾಟ, ಜಾಹೀರಾತು ಎಲ್ಲ ನಿಷೇಧ, ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು. ಕರ್ನಾಟಕ 2016ರಲ್ಲೇ ನಿಲ್ಲಿಸಿತ್ತು. ಆ ಮಾವಿನ ಹಣ್ಣಿನ ಪರಿಮಳದ ಒಳಗೆ ಇರುವುದು ಸಾಮಾನ್ಯವಾಗಿ ಅದೇ ನಿಕೋಟಿನ್. ಪೆನ್ನಿನ ಹಾಗೆ ಕಾಣುವ ಹಾಗೆ ಯಾಕೆ ಮಾಡಿದ್ದಾರೆ ಅಂತ ಯೋಚಿಸಿ. ಮಾವಿನ ಹಣ್ಣು ಬೇಕಿದ್ದರೆ ಕೇಂದ್ರ ಮಾರುಕಟ್ಟೆಗೆ ಹೋಗಿ.

ಪ್ರಶ್ನೆ: ಇಷ್ಟೆಲ್ಲ ಜಾಥಾ, ಮನವಿ ಯಾಕೆ? ಒಂದೇ ಏಟಿಗೆ ಪೂರ್ತಿ ಬ್ಯಾನ್ ಮಾಡಿದರೆ ಮುಗಿಯಿತಲ್ಲ. (ಕಾರ್ಕಳ)

ಉತ್ತರ: ಗುಟ್ಕಾ ಬ್ಯಾನ್ ಆದದ್ದು ನೆನಪಿದೆಯಾ? ಕರ್ನಾಟಕದಲ್ಲಿ 2013ರ ಮೇ ಕೊನೆಗೆ. ಒಂದು ವಾರ ಬಸ್‌ಸ್ಟ್ಯಾಂಡಿನ ಗೋಡೆ ಸ್ವಲ್ಪ ಬೆಳ್ಳಗೆ ಕಂಡಿತು. ಆಮೇಲೆ ಎರಡು ಪ್ಯಾಕೆಟ್ ಬಂತು, ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು, ಎರಡನ್ನೂ ಒಟ್ಟಿಗೇ ಕೊಡುತ್ತಾರೆ, ಗಿರಾಕಿ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುತ್ತಾನೆ. ಆಹಾರದಲ್ಲಿ ತಂಬಾಕು ಬೆರೆಸಬಾರದು ಅಂತ ನಿಯಮ, ಬೆರೆಸುವುದು ಗಿರಾಕಿ ಅಲ್ವಾ! ಭೂತಾನ್ 2004ರಲ್ಲಿ ಪೂರ್ತಿ ಮಾರಾಟ ನಿಲ್ಲಿಸಿ ನೋಡಿತು. ಗಡಿಯಲ್ಲಿ ಕಳ್ಳಸಾಗಣೆ ನಿಲ್ಲಲಿಲ್ಲ, ಕೊರೊನಾ ಕಾಲದಲ್ಲಿ ಸಡಿಲ ಬಿಟ್ಟಿತು.

ಮಾಲ್ಡೀವ್ಸ್ ಬೇರೆ ದಾರಿ ಹಿಡಿದಿದೆ. 2007ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ ತಂಬಾಕು ಮಾರುವುದೇ ಇಲ್ಲ, ಅವರಿಗೆ ಎಷ್ಟೇ ವಯಸ್ಸಾದರೂ. 2025ರ ನವೆಂಬರ್ 1ರಿಂದ ಜಾರಿ. ಅಲ್ಲಿ ಹೇಗೆ ನಡೆಯುತ್ತದೆ ಅಂತ ನೋಡೋಣ, ಅವರದು ಚಿಕ್ಕ ದ್ವೀಪ ದೇಶ, ನಮ್ಮದು ಬೀಡಿ ಕಟ್ಟುವ ಊರು. ಇಲ್ಲಿ ಬ್ಯಾನ್ ಅನ್ನುವ ಒಂದು ಪದಕ್ಕಿಂತ ಈಗ ಇರುವ ನಿಯಮ ಪಾಲಿಸುವ ಹಾಗೆ ಮಾಡಿದರೆ ಜಾಸ್ತಿ ಕೆಲಸ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ನಮ್ಮ ಯುವಕ ಮಂಡಲದ ವಾಲಿಬಾಲ್ ಪಂದ್ಯಾಟಕ್ಕೆ ಒಂದು ಕಂಪನಿಯವರು ಟ್ರೋಫಿ, ಟೀ ಶರ್ಟು, ಪೆಂಡಾಲು ಎಲ್ಲ ಕೊಡುತ್ತೇವೆ ಅಂದಿದ್ದಾರೆ. ಟೀ ಶರ್ಟಿನಲ್ಲಿ ಬರುವುದು ಅವರ "ಏಲಕ್ಕಿ"ಯ ಹೆಸರು. ಅದೇ ಹೆಸರಿನಲ್ಲಿ ತಂಬಾಕೂ ಬರುತ್ತದೆ. ನಮ್ಮಲ್ಲಿ ಕೆಲವರು "ಏಲಕ್ಕಿ ತಿಂದು ಸತ್ತವರು ಯಾರು" ಅಂತ ಕೇಳುತ್ತಾರೆ. (ಮಲ್ಪೆ)

ಉತ್ತರ: ಏಲಕ್ಕಿ ಮಾರಿ ಪೆಂಡಾಲು ಹಾಕಿಸುವಷ್ಟು ಲಾಭ ಬರುವುದಾದರೆ ನಮ್ಮ ಸಕಲೇಶಪುರದ ಬೆಳೆಗಾರರು ಎಲ್ಲ ಪಂದ್ಯಾಟಕ್ಕೂ ಟ್ರೋಫಿ ಕೊಡಬೇಕಿತ್ತು.

ಇದು ಹಳೆಯ ಉಪಾಯ. ತಂಬಾಕಿನ ಹೆಸರು ಹೇಳಿ ಜಾಹೀರಾತು ಕೊಡುವಂತಿಲ್ಲ, ಪ್ರಾಯೋಜಕತ್ವವೂ ಇಲ್ಲ, ಕೋಟ್ಪಾದ 5ನೇ ಕಲಂ. ಹಾಗಾಗಿ ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರ, ಬೇರೆ ಸಾಮಾನು. ಬಸ್ಸಿನ ಹಿಂದೆ ಅಂಟಿಸಿದ ಚಿತ್ರ ನೋಡಿ ಎಂಟು ವರ್ಷದ ಹುಡುಗ ಬಣ್ಣ ಕಲಿಯುತ್ತಾನೆ, ಹದಿನಾರಕ್ಕೆ ಅಂಗಡಿಯಲ್ಲಿ ಅದೇ ಬಣ್ಣದ ಪ್ಯಾಕೆಟ್ ಕೇಳುತ್ತಾನೆ. ಪಂದ್ಯಾಟ ನೋಡಲು ನಿಮ್ಮಲ್ಲಿಗೆ ಬರುವುದು ಆ ವಯಸ್ಸಿನವರೇ ತಾನೆ? ಕಂಪನಿಗೆ ವಾಲಿಬಾಲ್ ಬೇಡ, ಅವರು ಬೇಕು.

ಬೇಡ ಅನ್ನಿ. ಬಾಯಿಮಾತಲ್ಲಿ ಬೇಡ, ಮಂಡಲದ ಮೀಟಿಂಗಿನಲ್ಲಿ ನಿರ್ಣಯ ಬರೆದು, ಇನ್ನು ಮುಂದೆ ತಂಬಾಕು, ಪಾನ್ ಮಸಾಲಾ ಹೆಸರಿನವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ ಅಂತ ಪುಸ್ತಕಕ್ಕೆ ಹಾಕಿ. ಇಲ್ಲದಿದ್ದರೆ ಮುಂದಿನ ವರ್ಷ ಹೊಸ ಅಧ್ಯಕ್ಷ ಬಂದು ಅದನ್ನೇ ತರುತ್ತಾನೆ. ದುಡ್ಡಿಗೆ ಏನು ಮಾಡುವುದು ಅಂದರೆ, ಊರಿನ ಸಹಕಾರಿ ಸಂಘ, ಐಸ್ ಪ್ಲಾಂಟು, ಬೋಟಿನವರು, ಗಲ್ಫಿನಲ್ಲಿರುವ ನಿಮ್ಮ ಹಳೆಯ ಆಟಗಾರರು. ಟ್ರೋಫಿ ಸ್ವಲ್ಪ ಸಣ್ಣದಾಗಲಿ. ಊಟಕ್ಕೆ ಬಂಗುಡೆ ಪುಳಿಮುಂಚಿ ಇದ್ದರೆ ಟ್ರೋಫಿಯ ಎತ್ತರ ಯಾರು ಅಳೆಯುತ್ತಾರೆ?

ಪ್ರಶ್ನೆ: ನಮ್ಮದು ಅಡಿಕೆ ತೋಟ. ಈಗ ತಂಬಾಕು ಬಿಟ್ಟು ಅಡಿಕೆಯ ಮೇಲೂ ಮಾತು ಬರುತ್ತಿದೆ. ಇದು ನಮ್ಮ ಬುಡಕ್ಕೇ ಕೊಡಲಿ ಅಲ್ವಾ? (ಬೆಳ್ಮಣ್)

ಉತ್ತರ: ಇದಕ್ಕೆ ಉತ್ತರ ಬರೆಯಲು ನನಗೇ ಕಷ್ಟ. ನಾನು ಬೆಳೆದದ್ದು ಅಂಗಳ ತುಂಬ ಅಡಿಕೆ ಹರವಿದ ಮನೆಯಲ್ಲಿ. ಮನೆಗೆ ಬಂದವರ ಮುಂದೆ ಬಚ್ಚಿರೆ-ಬಜ್ಜೆಯಿ (ವೀಳ್ಯದೆಲೆ-ಅಡಿಕೆ) ಇಡದಿದ್ದರೆ ಮರ್ಯಾದೆ ಇಲ್ಲ ಅನ್ನುವ ಊರು ನಮ್ಮದು.

ಆದರೆ ಗೊತ್ತಿರುವುದನ್ನು ಮುಚ್ಚಿಡಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನೇ, ತಂಬಾಕು ಸೇರಿಸದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಹಾಕಿದೆ. ದಿನಪೂರ್ತಿ ಅಡಿಕೆ ಪುಡಿಯ ಪ್ಯಾಕೆಟ್ ಬಾಯಲ್ಲಿಟ್ಟುಕೊಳ್ಳುವ ಹುಡುಗರಲ್ಲಿ ಬಾಯಿ ಬಿಗಿಯುವ ರೋಗ ಬರುತ್ತದೆ, ಕೆನ್ನೆಯ ಒಳಗೆ ಚರ್ಮ ಬೆಳ್ಳಗೆ ಗಟ್ಟಿಯಾಗಿ ಹಗ್ಗದ ಹಾಗೆ ಆಗುತ್ತದೆ. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹೋಗುತ್ತದಾ ಅಂತ ನೋಡಿ. ಹೋಗದಿದ್ದರೆ, ಖಾರ ತಾಗಿದರೆ ಉರಿದರೆ, ಹಲ್ಲಿನ ಡಾಕ್ಟರ ಹತ್ತಿರ ನಾಳೆಯೇ ಹೋಗಬೇಕು. ಅಡಿಕೆ ಬೆಳೆಗಾರರ ಮುಂದಿನ ದಾರಿ ಏನು ಅನ್ನುವುದು ದೊಡ್ಡ ಚರ್ಚೆ, ಈ ಪುಟದಲ್ಲಿ ಮುಗಿಯುವುದಲ್ಲ. ನಿಮ್ಮ ತೋಟದ ಕೆಲಸದವರ ಬಾಯಿ ಮೂರು ಬೆರಳು ತೆರೆಯುತ್ತದಾ ಅಂತ ಇವತ್ತು ಸಂಜೆ ಕೇಳಬಹುದಲ್ಲ, ಅದಕ್ಕೆ ಚರ್ಚೆ ಬೇಡ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೇ ವರ್ಷ. ತಂಬಾಕು ವಿರೋಧಿ ಬೀದಿ ನಾಟಕದಲ್ಲಿ ಯಮನ ಪಾತ್ರ ಮಾಡುತ್ತೇನೆ. ನಾಟಕ ಮುಗಿದ ಮೇಲೆ ಹಿಂದೆ ಹೋಗಿ ಸಿಗರೇಟು ಸೇದುತ್ತೇನೆ. ನನಗೆ ಈ ತಂಡದಲ್ಲಿ ಇರಲು ಯೋಗ್ಯತೆ ಇದೆಯಾ? (ಮಂಗಳೂರು)

ಉತ್ತರ: ಯಮನಿಗೂ ಬಿಡುವು ಬೇಕಲ್ಲ! ತಮಾಷೆಗೆ ಹೇಳಿದೆ, ಬೇಸರ ಬೇಡ.

ನೀವು ತಂಡದಲ್ಲಿ ಇರಿ. ಸೇದದವರೇ ಸೇರಿ ಸೇದುವವರಿಗೆ ಬೈಯುವ ನಾಟಕ ನೋಡಿ ಯಾರೂ ಬಿಟ್ಟದ್ದಿಲ್ಲ. ಯಮ, ತಲೆಬುರುಡೆ, ಕೆಮ್ಮುತ್ತಾ ಬ್ಯಾಂಡೇಜು ಸುತ್ತಿದ ಗಂಡ, ಅಳುವ ಹೆಂಡತಿ, ಇದನ್ನೇ ನಾನು ಚಿಕ್ಕವನಿದ್ದಾಗಿನಿಂದ ನೋಡುತ್ತಾ ಬಂದಿದ್ದೇನೆ. ಒಂದು ಸಲ ನಿಮ್ಮ ಕಥೆಯನ್ನೇ ಮಾಡಿ. ವೇಷ ಕಳಚಿ ಹಿಂದೆ ಹೋಗುವ ಆ ಹತ್ತು ಹೆಜ್ಜೆ ಇದೆಯಲ್ಲ, ಅದು ನಾಟಕ.

ಬಿಡುವ ವಿಷಯ. ಸಿಗರೇಟು ಪ್ಯಾಕಿನ ಮೇಲೇ ಒಂದು ನಂಬರ್ ಅಚ್ಚಾಗಿದೆ, 1800-11-2356. ಉಚಿತ, ಬಿಡಲು ಸಹಾಯ ಮಾಡುವವರು ಮಾತಾಡುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ. ದಿನಕ್ಕೆ ಹತ್ತು ಸಲ ಆ ನಂಬರನ್ನು ಕೈಯಲ್ಲಿ ಹಿಡಿಯುತ್ತೀರಿ, ಒಂದು ಸಲ ಒತ್ತಿ. ಮೊದಲ ಮೂರು ನಾಲ್ಕು ದಿನ ತುಂಬ ಕಷ್ಟ, ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ, ಓದು ತಲೆಗೆ ಹತ್ತುವುದಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಬೇಕು ಅನ್ನಿಸುವ ಆ ಜೋರು ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಕಡಿಮೆ, ಆ ಐದು ನಿಮಿಷ ನೀರು ಕುಡಿಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ, ಯಾರಿಗಾದರೂ ಫೋನ್ ಮಾಡಿ ಬೈಯಿರಿ. ಪರೀಕ್ಷೆಯ ವಾರ ಶುರು ಮಾಡಬೇಡಿ. ಬಿಟ್ಟು ಮತ್ತೆ ಹಿಡಿದರೆ ಅದು ಮುಗಿದ ಹಾಗಲ್ಲ, ಬಿಟ್ಟವರಲ್ಲಿ ಹೆಚ್ಚಿನವರು ಎರಡು ಮೂರು ಸಲ ಸೋತೇ ಬಿಟ್ಟದ್ದು. ನನಗೆ ನಾಲ್ಕು ಸಲ ಬೇಕಾಯಿತು.

ಪ್ರಶ್ನೆ: ನಾನು ಎಂಟನೇ ಕ್ಲಾಸು. ನನ್ನ ಅಜ್ಜ ಬೀಡಿ ಸೇದುತ್ತಾರೆ, ಅಂಗಡಿಗೆ ನನ್ನನ್ನೇ ಕಳಿಸುತ್ತಾರೆ. ಇಕೋ ಕ್ಲಬ್ಬಿನಲ್ಲಿ ತಂಬಾಕು ಬೇಡ ಅಂತ ಪ್ರತಿಜ್ಞೆ ಮಾಡಿದ್ದೇನೆ. ಅಜ್ಜನಿಗೆ ಇಲ್ಲ ಅನ್ನಲು ಹೆದರಿಕೆ. (ಕುಂದಾಪುರ)

ಉತ್ತರ: ಮಗಳೇ, ನೀನು ಇಲ್ಲ ಅನ್ನಬೇಕಾಗಿಲ್ಲ. ಅಂಗಡಿಯವರೇ ಇಲ್ಲ ಅನ್ನಬೇಕು. ಯಾರಿಗಾಗಿ ತಂದರೂ ಮಕ್ಕಳ ಕೈಗೆ ಕೊಡುವಂತಿಲ್ಲ ಅಂತ ಕಾನೂನು. ಅಪ್ಪನೋ ಅಮ್ಮನೋ ಒಂದು ಸಲ ಅಂಗಡಿಗೆ ಹೋಗಿ "ಇವಳ ಕೈಯಲ್ಲಿ ಕೊಡಬೇಡಿ" ಅಂದರೆ ಆಯಿತು, ನೀನು ಮನೆಗೆ ಬಂದು "ಅಜ್ಜ, ಅವರು ಕೊಡುವುದಿಲ್ಲವಂತೆ" ಅಂತ ಹೇಳು. ಅದು ಸುಳ್ಳೂ ಅಲ್ಲ.

ನಿಮ್ಮ ಪಂಚಾಯತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ನಿಮ್ಮ ಕುಂದಾಪುರದ ಕಡೆಯೇ 1990ರ ದಶಕದಲ್ಲಿ ಮಕ್ಕಳ ಪಂಚಾಯತಿ ಅಂತ ಮಾಡಿ ತೋರಿಸಿದ್ದರು, ಅಂದರೆ ನಿಮ್ಮ ಊರಿಗೆ ಇದು ಹೊಸತಲ್ಲ. ಅಲ್ಲಿ ಎದ್ದು ನಿಂತು "ನಮ್ಮ ಶಾಲೆಯ ಹತ್ತಿರದ ಅಂಗಡಿಯಲ್ಲಿ ನಮ್ಮ ಕೈಗೆ ಬೀಡಿ ಕೊಡುತ್ತಾರೆ, ನಿಲ್ಲಿಸಿ" ಅಂತ ಕೇಳಬಹುದು. ಹೆದರಿಕೆ ಆದರೆ ಚೀಟಿಯಲ್ಲಿ ಬರೆದು ಕೊಡು. ಪುಸ್ತಕದಲ್ಲಿ ಬರೆದುಕೊಂಡರಾ ಅಂತ ಮಾತ್ರ ನೋಡು.

ಅಜ್ಜನ ಬೀಡಿ ಕಟ್ಟು ಅಡಗಿಸಿಡಬೇಡ, ಅವರಿಗೆ ಸಿಟ್ಟು ಬರುತ್ತದೆ, ಬಿಡುವುದೂ ಇಲ್ಲ. ಬೇಕಿದ್ದರೆ ಅವರೇ ಅಂಗಡಿಗೆ ನಡೆದುಕೊಂಡು ಹೋಗಲಿ. ಮಳೆ ಜೋರಾಗಿದ್ದ ದಿನ ಹೇಗೂ ಹೋಗುವುದಿಲ್ಲ.